ಸೈಡ್ ಕಟ್ಟರ್ (ಹೊಲಿಗೆ ಯಂತ್ರದ ಉಪಕರಣ)

ಸೈಡ್ ಕಟ್ಟರ್ ಎಂಬುದು ಮನೆಬಳಕೆಯ ಹೊಲಿಗೆ ಯಂತ್ರಕ್ಕೆ ಜೋಡಿಸಬಹುದಾದ, ಬಟ್ಟೆಯ ಅಂಚನ್ನು ಕತ್ತರಿಸುವ ಒಂದು ಉಪಕರಣ. ಪ್ರೆಸ್ಸರ್ ಫುಟ್, ಅಂದರೆ ಹೊಲಿಯುವಾಗ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ ಇರುವ ಜಾಗದಲ್ಲಿ ಇದನ್ನು ಕೂರಿಸಲಾಗುತ್ತದೆ. ಯಂತ್ರ ಓಡುತ್ತಿರುವಾಗ ಇದರಲ್ಲಿರುವ ಎರಡು ಪುಟ್ಟ ಅಲಗುಗಳು ಬಟ್ಟೆಯ ಬಲ ಅಂಚನ್ನು ಕತ್ತರಿಸುತ್ತವೆ. ಹೀಗೆ ಕತ್ತರಿಸಿದ ಅಂಚಿನ ಮೇಲೆ ಅದೇ ಓಟದಲ್ಲಿ ಜಿಗ್‌ಜಾಗ್ ಅಥವಾ ಅಂತಹುದೇ ಅಂಚುಹೊಲಿಗೆ ಬೀಳುತ್ತದೆ. ಅಂಗಡಿಗಳಲ್ಲಿ ಇದನ್ನು ಸೈಡ್ ಕಟ್ಟರ್ ಫುಟ್, ಓವರ್‌ಲಾಕ್ ಕಟ್ಟರ್ ಫುಟ್ ಎಂಬ ಹೆಸರುಗಳಿಂದ ಮಾರಲಾಗುತ್ತದೆ. ಹೆಸರಿನಲ್ಲಿ ಓವರ್‌ಲಾಕ್ ಎಂಬ ಪದ ಸೇರಿದ್ದರೂ ಈ ಉಪಕರಣವು ಓವರ್‌ಲಾಕ್ ಹೊಲಿಗೆಯನ್ನು ಹಾಕುವುದಿಲ್ಲ. ಓವರ್‌ಲಾಕ್ ಯಂತ್ರವು ಒಟ್ಟಿಗೆ ಮಾಡುವ ಕತ್ತರಿಸುವಿಕೆ ಮತ್ತು ಅಂಚು ಸುತ್ತುವಿಕೆ ಎಂಬ ಎರಡು ಕೆಲಸಗಳಲ್ಲಿ ಮೊದಲನೆಯದನ್ನು ಮಾತ್ರ ಇದು ನಿರ್ವಹಿಸುತ್ತದೆ; ಎರಡನೆಯದು ಯಂತ್ರದ ಸ್ವಂತ ಹೊಲಿಗೆಯನ್ನೇ ಅವಲಂಬಿಸಿದೆ.

ಹಿನ್ನೆಲೆ

ನೇಯ್ದ ಬಟ್ಟೆಯು ಉದ್ದಕ್ಕೆ ಸಾಗುವ ಹಾಸು ಎಳೆಗಳಿಂದಲೂ ಅಡ್ಡಕ್ಕೆ ಸಾಗುವ ಹೊಕ್ಕು ಎಳೆಗಳಿಂದಲೂ ಆಗಿರುತ್ತದೆ. ಕತ್ತರಿಸಿದ ಕಡೆ ಈ ಎಳೆಗಳನ್ನು ಹಿಡಿದಿಡಲು ಏನೂ ಇರುವುದಿಲ್ಲವಾದ್ದರಿಂದ ತೊಟ್ಟು ಒಗೆದಂತೆಲ್ಲ ಅಂಚು ಎಳೆ ಬಿಡುತ್ತಾ ಹೋಗುತ್ತದೆ. ಕೊನೆಗೆ ಹೊಲಿಗೆಯ ಸಾಲಿನವರೆಗೂ ಎಳೆಗಳು ಕಳಚಿ ಉಡುಪಿನ ಜೋಡಣೆಯೇ ಬಿಟ್ಟುಹೋಗಬಹುದು. ಇದನ್ನು ತಡೆಯಲು ಅಂಚನ್ನು ದಾರದಿಂದ ಸುತ್ತುವ ಪದ್ಧತಿ ಕೈಹೊಲಿಗೆಯ ಕಾಲದಿಂದಲೂ ಇದೆ.

ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಪ್ರಯತ್ನಗಳು 19ನೆಯ ಶತಮಾನದ ಉತ್ತರಾರ್ಧದಲ್ಲಿ ನಡೆದವು. ಅಮೆರಿಕದ ಹೆಲೆನ್ ಬ್ಲಾಂಚರ್ಡ್ ಅವರು 1873ರಲ್ಲಿ ಜಿಗ್‌ಜಾಗ್ ಹೊಲಿಗೆಯ ಯಂತ್ರಕ್ಕೆ ಪೇಟೆಂಟ್ ಪಡೆದರು. ಓವರ್‌ಲಾಕ್ ಯಂತ್ರವು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮೆರೋ ಮೆಷಿನ್ ಕಂಪನಿಯಲ್ಲಿ 1881ರಲ್ಲಿ ರೂಪುಗೊಂಡಿತು. ದೀರ್ಘಕಾಲ ಕಾರ್ಖಾನೆಗಳಿಗೆ ಸೀಮಿತವಾಗಿದ್ದ ಈ ಯಂತ್ರದ ಮನೆಬಳಕೆಯ ಮಾದರಿಗಳು 1960ರ ದಶಕದಲ್ಲಿ ಜಪಾನಿನಲ್ಲಿ ತಯಾರಾದವು. ಪ್ರತ್ಯೇಕ ಓವರ್‌ಲಾಕ್ ಯಂತ್ರವನ್ನು ಕೊಳ್ಳಲಾಗದ ಅಥವಾ ಇಡಲು ಸ್ಥಳವಿಲ್ಲದವರಿಗೆ, ಇರುವ ಜಿಗ್‌ಜಾಗ್ ಯಂತ್ರದಲ್ಲೇ ಕತ್ತರಿಸುತ್ತಾ ಹೊಲಿಯುವ ಅನುಕೂಲವನ್ನು ಸೈಡ್ ಕಟ್ಟರ್ ಒದಗಿಸುತ್ತದೆ.

ಓವರ್‌ಲಾಕ್ ಯಂತ್ರದೊಂದಿಗೆ ಹೋಲಿಕೆ

ಸಾಮಾನ್ಯ ಹೊಲಿಗೆ ಯಂತ್ರದಲ್ಲಿ ಸೂಜಿಯ ದಾರವು ಕೆಳಗಿನ ಬಾಬಿನ್ ದಾರದೊಂದಿಗೆ ಬಟ್ಟೆಯ ನಡುವೆ ಸಿಲುಕಿ ಹೊಲಿಗೆಯಾಗುತ್ತದೆ. ಇದಕ್ಕೆ ಲಾಕ್‌ಸ್ಟಿಚ್ ಎಂದು ಹೆಸರು. ಓವರ್‌ಲಾಕ್ ಯಂತ್ರದಲ್ಲಿ ಬಾಬಿನ್ ಇರುವುದಿಲ್ಲ. ಅದರ ಬದಲು ಲೂಪರ್ ಎಂಬ ಬಾಗಿದ ತೋಳುಗಳು ದಾರದ ಕುಣಿಕೆಗಳನ್ನು ಬಟ್ಟೆಯ ಅಂಚಿನಾಚೆಗೆ ಒಯ್ದು, ಮೇಲಿನಿಂದಲೂ ಕೆಳಗಿನಿಂದಲೂ ಅಂಚನ್ನು ಸುತ್ತುತ್ತವೆ. ಹೊಲಿಗೆಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 4915ರಲ್ಲಿ ನೇರ ಲಾಕ್‌ಸ್ಟಿಚ್‌ಗೆ 301, ಜಿಗ್‌ಜಾಗ್ ಲಾಕ್‌ಸ್ಟಿಚ್‌ಗೆ 304 ಎಂಬ ಸಂಖ್ಯೆಗಳಿವೆ. ಓವರ್‌ಲಾಕ್ ಹೊಲಿಗೆಗಳು 500ರ ವರ್ಗಕ್ಕೆ ಸೇರುತ್ತವೆ. ಮೂರು ದಾರಗಳ ಓವರ್‌ಲಾಕ್ 504, ನಾಲ್ಕು ದಾರಗಳದ್ದು 514.

ಸೈಡ್ ಕಟ್ಟರ್ ಜೋಡಿಸಿದ ಯಂತ್ರ ಹಾಕುವುದು 304ರ ಅಥವಾ ಅದಕ್ಕೆ ಹತ್ತಿರದ ಹೊಲಿಗೆಯನ್ನೇ. ಇದರಿಂದ ಎರಡು ಮುಖ್ಯ ವ್ಯತ್ಯಾಸಗಳು ಉಂಟಾಗುತ್ತವೆ. ಮೊದಲನೆಯದಾಗಿ, ಲೂಪರ್ ದಾರಗಳು ಅಂಚನ್ನು ಬಲೆಯಂತೆ ಆವರಿಸುವಷ್ಟು ದಟ್ಟವಾಗಿ ಜಿಗ್‌ಜಾಗ್ ಆವರಿಸುವುದಿಲ್ಲ. ಎರಡನೆಯದಾಗಿ, ಓವರ್‌ಲಾಕ್ ಹೊಲಿಗೆಯು ಬಟ್ಟೆಯೊಂದಿಗೆ ಹೆಚ್ಚು ಹಿಗ್ಗುತ್ತದೆ. ಬಹುತೇಕ ಓವರ್‌ಲಾಕ್ ಯಂತ್ರಗಳಲ್ಲಿ ಬಟ್ಟೆಯನ್ನು ಸಾಗಿಸುವ ಹಲ್ಲುಗಳು ಎರಡು ಜೋಡಿಗಳಾಗಿದ್ದು ಬೇರೆ ಬೇರೆ ವೇಗದಲ್ಲಿ ಚಲಿಸಬಲ್ಲವು. ಇದರಿಂದ ಹೊಸೈರಿಯಂತಹ ಹಿಗ್ಗುವ ಬಟ್ಟೆಯ ಅಂಚು ಅಲೆಅಲೆಯಾಗುವುದು ತಪ್ಪುತ್ತದೆ. ಮನೆಬಳಕೆಯ ಸಾಮಾನ್ಯ ಯಂತ್ರದಲ್ಲಿ ಈ ವ್ಯವಸ್ಥೆ ಇರುವುದಿಲ್ಲ.

ರಚನೆ ಮತ್ತು ಕಾರ್ಯವಿಧಾನ

ಸೈಡ್ ಕಟ್ಟರ್‌ನಲ್ಲಿ ನಾಲ್ಕು ಮುಖ್ಯ ಭಾಗಗಳಿವೆ: ಬಟ್ಟೆಯನ್ನು ಒತ್ತುವ ಪಾದ, ಚಲಿಸದೆ ನಿಲ್ಲುವ ಕೆಳ ಅಲಗು, ಚಲಿಸುವ ಮೇಲ್ ಅಲಗು, ಮತ್ತು ತುದಿಯಲ್ಲಿ ಕವೆಯಂತೆ ಸೀಳಿರುವ ತೋಳು. ಈ ಕವೆಯು ಸೂಜಿಯನ್ನು ಬಿಗಿಹಿಡಿಯುವ ತಿರುಪಿನ ಎರಡೂ ಬದಿಗೆ ಕೂರುತ್ತದೆ. ಸೂಜಿದಂಡವು ಮೇಲೆ ಕೆಳಗೆ ಚಲಿಸಿದಂತೆ ತೋಳೂ ಚಲಿಸಿ, ಮೇಲ್ ಅಲಗನ್ನು ಕತ್ತರಿಯ ಬಾಯಿಯಂತೆ ಕೆಳ ಅಲಗಿಗೆ ಉಜ್ಜಿಸುತ್ತದೆ. ಹೀಗಾಗಿ ಇದಕ್ಕೆ ಬೇರೆ ಮೋಟಾರು ಬೇಕಿಲ್ಲ. ಸೂಜಿಯ ಪ್ರತಿಯೊಂದು ಕುತ್ತಿಗೂ ಒಂದು ಕತ್ತರಿಸುವಿಕೆ ನಡೆಯುತ್ತದೆ.

ಅಲಗುಗಳು ಸೂಜಿಗಿಂತ ಸ್ವಲ್ಪ ಮುಂದೆ, ಬಲಭಾಗದಲ್ಲಿರುತ್ತವೆ. ಆದ್ದರಿಂದ ಬಟ್ಟೆ ಮೊದಲು ಕತ್ತರಿಸಲ್ಪಟ್ಟು ಅನಂತರ ಸೂಜಿಯ ಬಳಿ ಬರುತ್ತದೆ. ಹೊಲಿಗೆಯ ಎಡ ಸಾಲಿನಿಂದ ಕತ್ತರಿಸಿದ ಅಂಚಿಗೆ ಇರುವ ದೂರ ಸಾಮಾನ್ಯವಾಗಿ ಸುಮಾರು 5 ಮಿ.ಮೀ.; ಮಾದರಿಯಿಂದ ಮಾದರಿಗೆ ಇದು ಸ್ವಲ್ಪ ಬದಲಾಗುತ್ತದೆ.

ಯಂತ್ರದೊಂದಿಗೆ ಹೊಂದಾಣಿಕೆ

ಎಲ್ಲ ಯಂತ್ರಗಳಿಗೂ ಎಲ್ಲ ಕಟ್ಟರ್‌ಗಳು ಹೊಂದುವುದಿಲ್ಲ. ಕೊಳ್ಳುವ ಮುನ್ನ ಮೂರು ಅಂಶಗಳನ್ನು ಗಮನಿಸಬೇಕಾಗುತ್ತದೆ.

ಮೊದಲನೆಯದು ಪಾದದ ಕಾಂಡದ ಎತ್ತರ. ಪಾದವನ್ನು ಕೆಳಗಿಳಿಸಿದಾಗ ಅದನ್ನು ಬಿಗಿಯುವ ತಿರುಪಿನ ಮಧ್ಯದಿಂದ ಸೂಜಿತಟ್ಟೆಯವರೆಗಿನ ಅಂತರ ಸುಮಾರು 1.9 ಸೆಂ.ಮೀ. ಇದ್ದರೆ ಅದು ಲೋ ಶ್ಯಾಂಕ್ ಯಂತ್ರ, 2.5 ಸೆಂ.ಮೀ. ಅಥವಾ ಹೆಚ್ಚಿದ್ದರೆ ಹೈ ಶ್ಯಾಂಕ್. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಸೈಡ್ ಕಟ್ಟರ್‌ಗಳು ಲೋ ಶ್ಯಾಂಕ್ ಯಂತ್ರಗಳಿಗೆ ತಯಾರಾದವು.

ಎರಡನೆಯದು ಸೂಜಿ ಬಿಗಿಯುವ ತಿರುಪು. ಅದು ಬಲಬದಿಗೆ ಚಾಚಿಕೊಂಡಿದ್ದು, ಕವೆ ಕೂರಲು ಸಾಕಷ್ಟು ಉದ್ದವಿರಬೇಕು.

ಮೂರನೆಯದು ಜಿಗ್‌ಜಾಗ್ ಸೌಲಭ್ಯ. ಕೈಯಿಂದಲೋ ಕಾಲಿನಿಂದಲೋ ನಡೆಸುವ, ನೇರ ಹೊಲಿಗೆಯನ್ನಷ್ಟೇ ಹಾಕುವ ಕಪ್ಪು ಬಣ್ಣದ ಯಂತ್ರಗಳು ಭಾರತದ ಅನೇಕ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿವೆ. ಇವುಗಳಲ್ಲಿ ಕೆಲವಕ್ಕೆ ಕಟ್ಟರ್ ಕೂರಬಹುದಾದರೂ ಅದರಿಂದ ಪ್ರಯೋಜನ ಅಲ್ಪ. ಅಂಚು ನೇರವಾಗಿ ಕತ್ತರಿಸಲ್ಪಡುತ್ತದೆಯೇ ಹೊರತು ಅದರ ಮೇಲೆ ದಾರ ಬೀಳುವುದಿಲ್ಲ. ಎಳೆ ಬಿಡುವುದು ಮುಂದುವರಿಯುತ್ತದೆ.

ಜೋಡಿಸುವ ಕ್ರಮ

ಜೋಡಿಸುವ ಮೊದಲು ಯಂತ್ರದ ವಿದ್ಯುತ್ ಸಂಪರ್ಕವನ್ನು ತೆಗೆಯಬೇಕು. ಕಟ್ಟರ್ ಕೂರಿಸಿದ ಬಳಿಕ ಸೂಜಿಯ ಕಣ್ಣಿನ ಬಳಿ ಕೈಯಾಡಿಸಲು ಸ್ಥಳ ಕಡಿಮೆಯಾಗುವುದರಿಂದ ದಾರವನ್ನು ಮೊದಲೇ ಪೋಣಿಸಿಟ್ಟುಕೊಳ್ಳುವುದು ಒಳ್ಳೆಯದು. ತರುವಾಯದ ಹಂತಗಳು ಹೀಗಿವೆ:

1. ಸೂಜಿಯನ್ನು ಅತಿ ಎತ್ತರದ ಸ್ಥಾನಕ್ಕೆ ತಂದು, ಪಾದವನ್ನು ಮೇಲೆತ್ತಲಾಗುತ್ತದೆ.
2. ಪಾದವನ್ನೂ ಅದನ್ನು ಹಿಡಿದಿರುವ ಹೋಲ್ಡರ್ ಅನ್ನೂ ತಿರುಪು ಸಡಿಲಿಸಿ ಪೂರ್ತಿಯಾಗಿ ತೆಗೆಯಲಾಗುತ್ತದೆ.
3. ಕಟ್ಟರ್‌ನ ಕವೆಯನ್ನು ಸೂಜಿ ಬಿಗಿಯುವ ತಿರುಪಿಗೆ ಸಿಕ್ಕಿಸಿ, ಕಾಂಡವನ್ನು ಪಾದದ ದಂಡಕ್ಕೆ ಹೊಂದಿಸಲಾಗುತ್ತದೆ.
4. ತಿರುಪನ್ನು ತಿರುಪುಳಿಯಿಂದ ಬಿಗಿಯಾಗಿ ತಿರುಗಿಸಲಾಗುತ್ತದೆ. ಕೈಬೆರಳಿನ ಬಿಗಿ ಸಾಲದು. ಕಂಪನಕ್ಕೆ ಅದು ಸಡಿಲಗೊಳ್ಳಬಹುದು.
5. ಮೇಲಿನ ದಾರವನ್ನು ಪಾದದ ಅಡಿಯಿಂದ ಹಿಂದಕ್ಕೆ ಎಳೆದಿಡಲಾಗುತ್ತದೆ.
6. ಬೇಕಾದ ಹೊಲಿಗೆಯನ್ನು ಆರಿಸಿ, ಯಂತ್ರದ ಚಕ್ರವನ್ನು ಕೈಯಿಂದ ನಿಧಾನವಾಗಿ ತನ್ನೆಡೆಗೆ ತಿರುಗಿಸಿ, ಸೂಜಿಯು ಎಡ ಹಾಗೂ ಬಲ ತುದಿಗಳೆರಡರಲ್ಲಿಯೂ ಪಾದಕ್ಕೆ ತಗುಲದಿರುವುದನ್ನು ಪರೀಕ್ಷಿಸಲಾಗುತ್ತದೆ.

ಕೊನೆಯ ಹಂತವನ್ನು ಬಿಡಬಾರದು. ಜಿಗ್‌ಜಾಗ್‌ನ ಅಗಲ ಹೆಚ್ಚಾಗಿದ್ದಲ್ಲಿ ಸೂಜಿ ಲೋಹಕ್ಕೆ ಬಡಿದು ಮುರಿಯುತ್ತದೆ. ಮುರಿದ ಚೂರು ಕಣ್ಣಿಗೆ ಸಿಡಿಯುವ ಅಪಾಯವಿದೆ.

ಹೊಲಿಯುವ ಕ್ರಮ

ಬಟ್ಟೆಯನ್ನು ಸುಮ್ಮನೆ ಪಾದದಡಿ ಇಟ್ಟರೆ ಅಲಗು ಅದನ್ನು ಕತ್ತರಿಸುವುದಿಲ್ಲ. ಹೊಸ ಬಳಕೆದಾರರಿಗೆ ಸಾಮಾನ್ಯವಾಗಿ ಎದುರಾಗುವ ತೊಡಕು ಇದೇ. ಮೊದಲು ಕತ್ತರಿಸಬೇಕಾದ ಗೆರೆಯ ಮೇಲೆ ಕತ್ತರಿಯಿಂದ ಸುಮಾರು 2 ಸೆಂ.ಮೀ. ಉದ್ದದ ಸೀಳು ಮಾಡಬೇಕು. ಸೀಳಿನ ಎಡಭಾಗವು ಪಾದದ ಅಡಿಗೂ, ಕತ್ತರಿಸಿಹೋಗಬೇಕಾದ ಬಲಭಾಗವು ಮಾರ್ಗದರ್ಶಕ ತಟ್ಟೆಯ ಮೇಲಕ್ಕೂ ಬರುವಂತೆ ಬಟ್ಟೆಯನ್ನು ತೂರಿಸಬೇಕು. ಆಗ ಬಟ್ಟೆಯು ಎರಡು ಅಲಗುಗಳ ನಡುವೆ ಸರಿಯಾಗಿ ಸೇರುತ್ತದೆ.

ಪಾದವನ್ನು ಇಳಿಸಿದ ಮೇಲೆ ಮೊದಲ ಕೆಲವು ಹೊಲಿಗೆಗಳನ್ನು ಚಕ್ರವನ್ನು ಕೈಯಿಂದ ತಿರುಗಿಸಿಯೇ ಹಾಕಿ, ಬಳಿಕ ನಿಧಾನ ವೇಗದಲ್ಲಿ ಮುಂದುವರಿಯುವುದು ಸೂಕ್ತ. ಬಟ್ಟೆಯನ್ನು ಎಳೆಯದೆ, ತಳ್ಳದೆ, ದಿಕ್ಕು ತಪ್ಪದಂತೆ ಕೈಗಳಿಂದ ಆಧಾರ ನೀಡಿದರೆ ಸಾಕು. ಕತ್ತರಿಸಿದ ಪಟ್ಟಿಯು ಪಾದದ ಕೆಳಕ್ಕೆ ಮತ್ತೆ ನುಸುಳದಂತೆ ಬಲಕ್ಕೆ ಸರಿಸುತ್ತಿರಬೇಕು. ಗುಂಡುಸೂಜಿಗಳನ್ನು ಅಲಗಿನ ಹಾದಿಯಲ್ಲಿ ಇಡಬಾರದು. ಒಂದೇ ಒಂದು ಪಿನ್ನು ಅಲಗಿನ ಹರಿತವನ್ನು ಕೆಡಿಸಬಲ್ಲದು. ಹಿಮ್ಮುಖ ಹೊಲಿಗೆಯಲ್ಲಿ ಬಟ್ಟೆ ಅಲಗುಗಳ ನಡುವೆ ಮುದುಡಿಕೊಳ್ಳುವುದರಿಂದ, ಸಾಲಿನ ಆರಂಭ ಮತ್ತು ಕೊನೆಯಲ್ಲಿ ದಾರದ ತುದಿಗಳನ್ನು ಕೈಯಿಂದ ಗಂಟು ಹಾಕಲಾಗುತ್ತದೆ.

ಜಿಗ್‌ಜಾಗ್‌ನ ಬಲ ಕುತ್ತು ಕತ್ತರಿಸಿದ ಅಂಚಿನ ಮೇಲೆ ಅಥವಾ ಅದರಿಂದ ಕೂದಲೆಳೆಯಷ್ಟು ಆಚೆ ಬೀಳುವಂತೆ ಅಗಲವನ್ನು ಹೊಂದಿಸಬೇಕು. ಕುತ್ತು ಒಳಗೇ ಬಿದ್ದರೆ ಹೊರಗುಳಿದ ಬಟ್ಟೆ ಎಳೆ ಬಿಡುತ್ತದೆ. ಹೆಚ್ಚು ಹೊರಗೆ ಬಿದ್ದರೆ ಅಂಚು ಒಳಕ್ಕೆ ಸುರುಳಿಯಾಗುತ್ತದೆ. ಅದೇ ಬಟ್ಟೆಯ ತುಂಡೊಂದರ ಮೇಲೆ ಪರೀಕ್ಷಿಸಿ ನೋಡಿದ ಮೇಲೆಯೇ ಉಡುಪಿನ ಮೇಲೆ ಹೊಲಿಯುವುದು ವಾಡಿಕೆ.

ಅಂಚಿನ ಲೆಕ್ಕ

ತಪ್ಪಿದ ಹೊಲಿಗೆಯನ್ನು ಬಿಚ್ಚಬಹುದು, ಕತ್ತರಿಸಿದ ಬಟ್ಟೆಯನ್ನು ಮರಳಿ ಸೇರಿಸಲಾಗದು. ಆದುದರಿಂದ ಈ ಉಪಕರಣವನ್ನು ಬಳಸುವ ಮೊದಲು ಹೊಲಿಗೆಯಾಚೆಗೆ ಉಳಿಸುವ ಬಟ್ಟೆಯ, ಅಂದರೆ ಮಾರ್ಜಿನ್‌ನ ಲೆಕ್ಕವನ್ನು ಮಾಡಿಕೊಳ್ಳಬೇಕು.

ಉದಾಹರಣೆಗೆ, 1.5 ಸೆಂ.ಮೀ. ಮಾರ್ಜಿನ್ ಇಟ್ಟು ಕತ್ತರಿಸಿದ ಎರಡು ತುಂಡುಗಳನ್ನು ಜೋಡಣೆಯ ಗೆರೆಯ ಮೇಲೆಯೇ ಕಟ್ಟರ್‌ನಿಂದ ಹೊಲಿದರೆ ಸುಮಾರು 1 ಸೆಂ.ಮೀ. ಕತ್ತರಿಸಿಹೋಗಿ, ಸುಮಾರು 5 ಮಿ.ಮೀ. ಮಾತ್ರ ಉಳಿಯುತ್ತದೆ. ಇದರ ಬದಲು ಜೋಡಿಸುವ ಮುನ್ನವೇ ಪ್ರತಿಯೊಂದು ತುಂಡಿನ ಹೊರ ಅಂಚನ್ನು 2ರಿಂದ 3 ಮಿ.ಮೀ. ಮಾತ್ರ ಸವರಿ ಅಂಚುಹೊಲಿಗೆ ಹಾಕಿಕೊಂಡು, ಅನಂತರ ನೇರ ಹೊಲಿಗೆಯಿಂದ ಜೋಡಿಸಿದರೆ ಮಾರ್ಜಿನ್‌ನ ಹೆಚ್ಚಿನ ಭಾಗ ಉಳಿಯುತ್ತದೆ. ಈ ಕ್ರಮದಲ್ಲಿ ಜೋಡಣೆಯ ಗೆರೆಯನ್ನು ಬಟ್ಟೆಯ ಮೇಲೆ ಮೊದಲೇ ಗುರುತು ಮಾಡಿಟ್ಟುಕೊಳ್ಳಬೇಕು. ಅಂಚಿನಿಂದ ಅಳೆಯುವ ರೂಢಿಯಿದ್ದರೆ ಸವರಿಹೋದ ಅಳತೆಯನ್ನು ಕಳೆದು ಲೆಕ್ಕ ಹಾಕಬೇಕು.

ಭಾರತದಲ್ಲಿ ಸೀರೆಯ ರವಿಕೆ ಹೊಲಿಯುವವರು ಮುಂದೆ ಅಳತೆ ಹೆಚ್ಚಾದಾಗ ಬಿಡಿಸಿಕೊಳ್ಳಲು ಅನುವಾಗುವಂತೆ ಬದಿಗಳಲ್ಲಿ ಹೆಚ್ಚುವರಿ ಬಟ್ಟೆ ಉಳಿಸುವುದು ರೂಢಿ. ಇಂತಹ ಉಡುಪಿನಲ್ಲಿ ಜೋಡಣೆಯ ಹೊಲಿಗೆಗೆ ತಾಗಿದಂತೆ ಕಟ್ಟರ್ ಬಳಸಿದರೆ ರವಿಕೆಯನ್ನು ದೊಡ್ಡದು ಮಾಡುವ ಅವಕಾಶವೇ ಇಲ್ಲವಾಗುತ್ತದೆ. ಬೆಳೆಯುವ ಮಕ್ಕಳ ಬಟ್ಟೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಸೂಕ್ತವಾದ ಬಟ್ಟೆಗಳು ಮತ್ತು ಮಿತಿಗಳು

ಪಾಪ್ಲಿನ್, ಕೇಂಬ್ರಿಕ್‌ನಂತಹ ಮಧ್ಯಮ ದಪ್ಪದ, ನೇಯ್ದ ಹತ್ತಿ ಬಟ್ಟೆಗಳ ಮೇಲೆ ಸೈಡ್ ಕಟ್ಟರ್ ಉತ್ತಮ ಫಲ ನೀಡುತ್ತದೆ. ಪರದೆ, ದಿಂಬಿನ ಚೀಲ, ಹಾಸಿಗೆ ಹೊದಿಕೆಗಳಂತಹ ಉದ್ದವಾದ ನೇರ ಅಂಚುಗಳಲ್ಲಿ ಸಮಯದ ಉಳಿತಾಯ ಹೆಚ್ಚು.

ಜಾರ್ಜೆಟ್, ಷಿಫಾನ್‌ನಂತಹ ತೆಳು ಬಟ್ಟೆಗಳು ಅಲಗುಗಳ ನಡುವೆ ಮಡಿಚಿಕೊಳ್ಳಬಹುದು. ದಪ್ಪ ಡೆನಿಮ್‌ನ ಹಲವು ಪದರಗಳನ್ನು ಅಲಗು ಕತ್ತರಿಸಲಾರದು. ಹೊಸೈರಿ ಬಟ್ಟೆಯ ಅಂಚು ಹಿಗ್ಗಿ ಅಲೆಯಾಗುವ ಸಾಧ್ಯತೆಯಿದೆ. ಕಂಕುಳು, ಕುತ್ತಿಗೆಗಳಂತಹ ಒಳಬಾಗಿದ ತಿರುವುಗಳಲ್ಲೂ ಚೂಪಾದ ಮೂಲೆಗಳಲ್ಲೂ ಉಪಕರಣವನ್ನು ತಿರುಗಿಸುವುದು ಕಷ್ಟ. ಅಲ್ಲಿ ಕೈಯಿಂದ ಕತ್ತರಿಸಿ, ಸಾಮಾನ್ಯ ಪಾದದಿಂದ ಜಿಗ್‌ಜಾಗ್ ಹಾಕುವುದೇ ಸುಲಭ.

ನಿರ್ವಹಣೆ

ಕತ್ತರಿಸಿದ ಬಟ್ಟೆಯ ನಾರು ಮತ್ತು ಧೂಳು ಅಲಗುಗಳ ನಡುವೆ ಸೇರುವುದರಿಂದ ಪ್ರತಿ ಬಳಕೆಯ ನಂತರ ಮೆತ್ತನೆಯ ಬ್ರಷ್‌ನಿಂದ ಅದನ್ನು ತೆಗೆಯಬೇಕು. ಅಗತ್ಯವಿದ್ದಾಗ ಅಲಗುಗಳಿಗೆ ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಹೊಲಿಯುವ ಮೊದಲು ಬೇಡದ ಬಟ್ಟೆಯ ಮೇಲೆ ಓಡಿಸಿ ಒರೆಸಲಾಗುತ್ತದೆ. ಅಂಚು ಜಗಿದಂತೆ ಕಾಣುವುದು, ಎಳೆಗಳು ತುಂಡಾಗದೆ ಎಳೆದುಬರುವುದು, ಬಟ್ಟೆ ಅಲಗುಗಳ ನಡುವೆ ಮಡಿಚಿ ನಿಲ್ಲುವುದು ಇವು ಹರಿತ ಕುಗ್ಗಿದುದರ ಲಕ್ಷಣಗಳು. ಆದರೆ ತಿರುಪು ಸಡಿಲವಾಗಿದ್ದರೂ ಇಂತಹ ಲಕ್ಷಣಗಳು ತೋರುವುದರಿಂದ ಮೊದಲು ಅದನ್ನು ಪರೀಕ್ಷಿಸಬೇಕು.

ಪರ್ಯಾಯ ವಿಧಾನಗಳು

ಸೈಡ್ ಕಟ್ಟರ್ ಇಲ್ಲದೆಯೂ ಅಂಚನ್ನು ಭದ್ರಪಡಿಸುವ ವಿಧಾನಗಳಿವೆ. ಓವರ್‌ಕಾಸ್ಟ್ ಪಾದದಲ್ಲಿರುವ ಸಣ್ಣ ಕಡ್ಡಿಯು ಜಿಗ್‌ಜಾಗ್ ಬೀಳುವಾಗ ಅಂಚು ಸುರುಳಿಯಾಗದಂತೆ ತಡೆಯುತ್ತದೆ. ಬಟ್ಟೆಯನ್ನು ಮೊದಲೇ ನೇರವಾಗಿ ಕತ್ತರಿಸಿಕೊಂಡರೆ ಇದರ ಫಲಿತಾಂಶ ಸೈಡ್ ಕಟ್ಟರ್‌ನದಕ್ಕೆ ಸಮನಾಗಿರುತ್ತದೆ. ನೇರ ಹೊಲಿಗೆಯ ಯಂತ್ರವಷ್ಟೇ ಇರುವವರು ಅಂಚನ್ನು ಒಳಗೆ ಮುಚ್ಚಿಬಿಡುವ ಫ್ರೆಂಚ್ ಹೊಲಿಗೆಯನ್ನು ಅಥವಾ ಅಡ್ಡಓರೆಯಾಗಿ ಕತ್ತರಿಸಿದ ಪಟ್ಟಿಯಿಂದ ಅಂಚು ಕಟ್ಟುವ ಕ್ರಮವನ್ನು ಅನುಸರಿಸಬಹುದು. ಹಲ್ಲುಕತ್ತರಿಯಿಂದ ಅಂಚನ್ನು ಗರಗಸದಂತೆ ಕತ್ತರಿಸಿದರೆ ಎಳೆ ಬಿಡುವುದು ನಿಧಾನವಾಗುತ್ತದೆಯಾದರೂ ಪೂರ್ತಿ ನಿಲ್ಲುವುದಿಲ್ಲ. ಹಿಗ್ಗುವ ಬಟ್ಟೆಗಳ ಹಾಗೂ ಪದೇ ಪದೇ ಒಗೆಯುವ ಉಡುಪುಗಳ ಜೋಡಣೆಗೆ ಓವರ್‌ಲಾಕ್ ಯಂತ್ರದ ಹೊಲಿಗೆಯೇ ಹೆಚ್ಚು ಸೂಕ್ತ. ಅಂತಹ ಯಂತ್ರ ಮನೆಯಲ್ಲಿಲ್ಲದವರು ಅಂಚುಗಳನ್ನು ದರ್ಜಿಗಳ ಬಳಿ ಓವರ್‌ಲಾಕ್ ಮಾಡಿಸಿಕೊಳ್ಳುವುದು ಕರ್ನಾಟಕದ ಊರುಗಳಲ್ಲಿ ಕಂಡುಬರುವ ರೂಢಿಯಾಗಿದೆ.