ನೀಟ್ ಇಲ್ಲದೆ ಬರೀ ಇಂಟರ್‌ವ್ಯೂ ಕೊಟ್ಟರೆ ಬಿಡಿಎಸ್ ಸೀಟು ಸಿಗುತ್ತಾ? ವಾಟ್ಸ್‌ಆ್ಯಪ್ ಸಂದೇಶಗಳ ಅಸಲಿ ಕತೆ

ಪಿಯುಸಿ ಮತ್ತು ನೀಟ್ ಫಲಿತಾಂಶದ ಹೊತ್ತಿಗೆ ಒಂದು ಬಗೆಯ ಸಂದೇಶ ಗುಂಪಿನಿಂದ ಗುಂಪಿಗೆ ಓಡಾಡಲು ಶುರುವಾಗುತ್ತದೆ: "ಬಿಡಿಎಸ್ ಸೀಟು ಖಾಲಿ ಇವೆ. ನೀಟ್ ಬೇಕಿಲ್ಲ. ನೇರ ಇಂಟರ್‌ವ್ಯೂ ಮೂಲಕ ಪ್ರವೇಶ. ಕೂಡಲೇ ಕರೆ ಮಾಡಿ." ಕೆಳಗೆ ಒಂದು ಮೊಬೈಲ್ ನಂಬರ್. ಬೀದರ್, ಭಾಲ್ಕಿ, ಔರಾದ್ ಕಡೆಯ ಕುಟುಂಬಗಳಿಗೆ ಮಗಳನ್ನೋ ಮಗನನ್ನೋ ಡಾಕ್ಟರ್ ಮಾಡುವ ಆಸೆ ಇದ್ದರೆ, ಇಂಥ ಸಂದೇಶ ನೋಡಿ ಒಮ್ಮೆ ಫೋನ್ ಮಾಡೋಣ ಎನಿಸುವುದು ಸಹಜ. ಮಾಡುವ ಮುನ್ನ ಇದನ್ನು ಓದಿ.

ಹೇಳಿಕೆ: ದಂತ ವೈದ್ಯಕೀಯ ಕಾಲೇಜಿಗೆ ಇಂಟರ್‌ವ್ಯೂ ಮೂಲಕ ಸೇರಬಹುದು.

ಸತ್ಯಾಂಶ: ಸುಳ್ಳು. ಭಾರತದಲ್ಲಿ ಬಿಡಿಎಸ್ ಪ್ರವೇಶಕ್ಕೆ ಇಂಟರ್‌ವ್ಯೂ ಇಲ್ಲ. ಸರ್ಕಾರಿ, ಖಾಸಗಿ, ಡೀಮ್ಡ್ ಯಾವ ಕಾಲೇಜಾದರೂ, ಮ್ಯಾನೇಜ್‌ಮೆಂಟ್ ಅಥವಾ ಎನ್‌ಆರ್‌ಐ ಕೋಟಾ ಆದರೂ ನೀಟ್ ಅರ್ಹತೆ ಕಡ್ಡಾಯ.

ಕಾನೂನು ಏನು ಹೇಳುತ್ತದೆ?

2016ರಲ್ಲಿ ದಂತ ವೈದ್ಯರ ಕಾಯ್ದೆಗೆ ತಿದ್ದುಪಡಿ ತಂದು, ದೇಶದ ಎಲ್ಲ ದಂತ ವೈದ್ಯಕೀಯ ಕಾಲೇಜುಗಳಿಗೂ ಒಂದೇ ಪ್ರವೇಶ ಪರೀಕ್ಷೆ ಎಂದು ನಿಗದಿ ಮಾಡಲಾಯಿತು. 2023ರ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯಲ್ಲೂ ಇದೇ ನಿಯಮವಿದೆ. ನೀಟ್‌ನಲ್ಲಿ 180 ಪ್ರಶ್ನೆ, ಒಟ್ಟು 720 ಅಂಕ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. 2017ರಿಂದ ಕನ್ನಡದಲ್ಲೂ ಬರೆಯಬಹುದು. ಬೀದರ್ ಜಿಲ್ಲೆಯಲ್ಲಿ ದಿನವೂ ಕಿವಿಗೆ ಬೀಳುವ ಮರಾಠಿ, ಉರ್ದು, ತೆಲುಗಿನಲ್ಲೂ ಪ್ರಶ್ನೆಪತ್ರಿಕೆ ಸಿಗುತ್ತದೆ.

ಹಾಗಾದರೆ ಇಂಟರ್‌ವ್ಯೂ ಮಾತು ಬಂದದ್ದು ಎಲ್ಲಿಂದ?

ಮೂರು ಕಡೆಯಿಂದ ಬಂದಿರಬಹುದು.

ಒಂದು, ಹಳೆಯ ನೆನಪು. ನಮ್ಮ ರಾಜ್ಯದಲ್ಲೇ ಒಂದು ಕಾಲಕ್ಕೆ ಇಂಟರ್‌ವ್ಯೂ ಇತ್ತು. 1963ರಲ್ಲಿ, ಆಗಿನ ಮೈಸೂರು ರಾಜ್ಯದಲ್ಲಿ, ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸೀಟುಗಳಿಗೆ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ 25% ರಷ್ಟನ್ನು ಇಂಟರ್‌ವ್ಯೂಗೆ ಇಡಲಾಗಿತ್ತು. ಇದು ಸುಪ್ರೀಂ ಕೋರ್ಟ್ ತನಕ ಹೋಯಿತು. ಆರ್. ಚಿತ್ರಲೇಖಾ ಪ್ರಕರಣದಲ್ಲಿ, 1964ರಲ್ಲಿ, ಕೋರ್ಟ್ ಈ ಪದ್ಧತಿಯನ್ನು ಎತ್ತಿಹಿಡಿಯಿತು. ಬೀದರ್ ಕೂಡ ಆಗ ಮೈಸೂರು ರಾಜ್ಯದಲ್ಲೇ ಇತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ನೀಟ್ ಬರುವವರೆಗೂ ತನ್ನದೇ ಪರೀಕ್ಷೆ, ಇಂಟರ್‌ವ್ಯೂ ನಡೆಸುತ್ತಿತ್ತು. ಹಾಗಾಗಿ ಮನೆಯ ಹಿರಿಯರು "ನಮ್ಮ ಕಾಲದಾಗ ಇಂಟರ್‌ವ್ಯೂ ಇತ್ತು" ಅಂದರೆ ಅದು ಸುಳ್ಳಲ್ಲ. ಆದರೆ ಆ ಕಾಲ ಮುಗಿದಿದೆ.

ಎರಡು, ಹೊರದೇಶದ ವಿಡಿಯೊಗಳು. "ಡೆಂಟಲ್ ಸ್ಕೂಲ್ ಇಂಟರ್‌ವ್ಯೂ" ಎಂದು ಯೂಟ್ಯೂಬ್‌ನಲ್ಲಿ ಹುಡುಕಿದರೆ ಬರುವುದು ಹೆಚ್ಚಾಗಿ ಬ್ರಿಟನ್, ಅಮೆರಿಕದ ವಿಡಿಯೊಗಳು. ಅಲ್ಲಿ ನಿಜಕ್ಕೂ ಇಂಟರ್‌ವ್ಯೂ ಇದೆ. ಬ್ರಿಟನ್‌ನ ಹಲವು ಕಾಲೇಜುಗಳಲ್ಲಿ ವಿದ್ಯಾರ್ಥಿಯನ್ನು ಕೆಲವೇ ನಿಮಿಷಗಳ ಹಲವು ಸುತ್ತುಗಳಲ್ಲಿ, ಸುತ್ತಿಗೊಬ್ಬರಂತೆ ಮಾತಾಡಿಸಿ ಅಂಕ ಕೊಡುತ್ತಾರೆ. ಬೀದರ್‌ನ ವಿದ್ಯಾರ್ಥಿಗೆ ಆ ತಯಾರಿ ಬೇಕಿಲ್ಲ.

ಮೂರು, ದಾಖಲೆ ಪರಿಶೀಲನೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸೀಟು ಹಂಚುವ ಮುನ್ನ ದಾಖಲೆ ನೋಡುತ್ತದೆ. ಇದನ್ನೇ ಕೆಲವರು "ಇಂಟರ್‌ವ್ಯೂ" ಅನ್ನುತ್ತಾರೆ. ಅಲ್ಲಿ ಅಂಕ ಕೊಡುವುದೂ ಇಲ್ಲ, ಕಡಿಯುವುದೂ ಇಲ್ಲ.

ಇಂಟರ್‌ವ್ಯೂ ಇಲ್ಲದಿರುವುದು ನಷ್ಟವೇ?

ಔರಾದ್‌ನ ಹಳ್ಳಿಯ ಹುಡುಗಿಯ ಕಡೆಯಿಂದ ನೋಡಿ. ಇಂಟರ್‌ವ್ಯೂ ಇದ್ದಿದ್ದರೆ ಇಂಗ್ಲಿಷ್ ಎಷ್ಟು ಸಲೀಸು, ಅಪ್ಪ ಏನು ಕೆಲಸ, ಯಾರ ಶಿಫಾರಸು ಇದೆ ಎಂಬುದೆಲ್ಲ ಲೆಕ್ಕಕ್ಕೆ ಬರುವ ಅಪಾಯವಿತ್ತು. ಇದು ಬರೀ ಊಹೆಯಲ್ಲ. 1981ರ ಅಜಯ್ ಹಾಸಿಯಾ ಪ್ರಕರಣದಲ್ಲಿ, ಶ್ರೀನಗರದ ಎಂಜಿನಿಯರಿಂಗ್ ಕಾಲೇಜೊಂದು ಲಿಖಿತ ಪರೀಕ್ಷೆಗೆ 100, ಇಂಟರ್‌ವ್ಯೂಗೆ 50 ಅಂಕ ಇಟ್ಟಿತ್ತು. ಒಬ್ಬೊಬ್ಬರ ಇಂಟರ್‌ವ್ಯೂ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತಿತ್ತು ಎಂಬ ದೂರು ಬಂತು. ಇಂಟರ್‌ವ್ಯೂಗೆ ಒಟ್ಟು ಅಂಕದ 15% ಮೀರಿ ಇಡುವುದು ಮನಸೋಇಚ್ಛೆಯ ಕ್ರಮ ಎಂದು ಸುಪ್ರೀಂ ಕೋರ್ಟ್ ಹೇಳಿತು. ನೀಟ್‌ಗೂ ತನ್ನದೇ ಕೊರತೆಗಳಿವೆ, ಕೋಚಿಂಗ್ ಖರ್ಚು ಎಲ್ಲರಿಗೂ ನಿಲುಕುವುದಿಲ್ಲ. ಆದರೆ ಉತ್ತರ ಪತ್ರಿಕೆ ತಿದ್ದುವ ಯಂತ್ರ ಊರು, ಉಡುಪು ನೋಡುವುದಿಲ್ಲ.

"ಕಡಿಮೆ ಅಂಕಕ್ಕೂ ಸೀಟು" ಎಂಬ ಮಾತು ನಿಜವೇ?

ಇದರಲ್ಲಿ ಅರ್ಧ ಸತ್ಯವಿದೆ. ಸಾಮಾನ್ಯ ವರ್ಗಕ್ಕೆ 50ನೇ, ಎಸ್‌ಸಿ, ಎಸ್‌ಟಿ, ಒಬಿಸಿಗೆ 40ನೇ ಪರ್ಸೆಂಟೈಲ್ ಅರ್ಹತೆ. ಪರ್ಸೆಂಟೈಲ್ ಎಂದರೆ ಶೇಕಡಾವಾರು ಅಂಕವಲ್ಲ. 50ನೇ ಪರ್ಸೆಂಟೈಲ್ ಎಂದರೆ ಪರೀಕ್ಷೆ ಬರೆದವರಲ್ಲಿ ಅರ್ಧದಷ್ಟು ಜನರಿಗಿಂತ ಮೇಲಿರುವುದು. 2025ರಲ್ಲಿ ಸಾಮಾನ್ಯ ವರ್ಗಕ್ಕೆ ಇದು 720ಕ್ಕೆ 144 ಅಂಕ ಇತ್ತು, 2023ರಲ್ಲಿ 137. ಸೀಟು ಉಳಿದಾಗ ಅರ್ಹತೆ ಇಳಿಸಿದ್ದೂ ಉಂಟು. 2020-21ರ ಬಿಡಿಎಸ್ ಪ್ರವೇಶಕ್ಕೆ ಸುಪ್ರೀಂ ಕೋರ್ಟ್ 10 ಪರ್ಸೆಂಟೈಲ್ ಇಳಿಸಿತ್ತು. ಆಗಲೂ ನೀಟ್ ಬರೆದವರಿಗೆ ಮಾತ್ರ ಅವಕಾಶ ಸಿಕ್ಕಿದ್ದು. ಇನ್ನು ಅರ್ಹತೆ ಸಿಕ್ಕರೆ ಸೀಟು ಸಿಕ್ಕಂತಲ್ಲ. ಸೀಟು ಹಂಚುವುದು ರ‍್ಯಾಂಕ್ ಮೇಲೆ.

ಸೀಟಿನ ನಿಜವಾದ ದಾರಿ ಯಾವುದು?

ಬೀದರ್ ನಗರದಲ್ಲೇ ಎಸ್.ಬಿ. ಪಾಟೀಲ್ ದಂತ ವೈದ್ಯಕೀಯ ಕಾಲೇಜು ಇದೆ. ಬಳ್ಳಾರಿ, ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳಿವೆ. ರಾಜ್ಯದ ಸೀಟುಗಳ ಕೌನ್ಸೆಲಿಂಗ್ ಕೆಇಎ ನಡೆಸುತ್ತದೆ. ಸರ್ಕಾರಿ ಕಾಲೇಜುಗಳ 15% ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳಿಗೆ ಕೇಂದ್ರದ ಎಂಸಿಸಿ ಕೌನ್ಸೆಲಿಂಗ್ ಇದೆ. ನೀಟ್ ಬರೆದರೆ ಸಾಲದು, ಕೆಇಎಯಲ್ಲಿ ಪ್ರತ್ಯೇಕವಾಗಿ ನೋಂದಣಿ ಆಗಬೇಕು.

ನಮ್ಮ ಭಾಗದವರ ಕೈಯಲ್ಲಿ ಇನ್ನೊಂದು ಬಲವಿದೆ: ಸಂವಿಧಾನದ 371(ಜೆ) ವಿಧಿ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ರಾಜ್ಯ ಸರ್ಕಾರ ತುಂಬುವ ಸೀಟುಗಳ 70%, ರಾಜ್ಯದ ಉಳಿದ ಕಡೆ 8% ಈ ಭಾಗದವರಿಗೆ ಮೀಸಲು. ಇದಕ್ಕೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಔರಾದ್‌ನವರಿಗೆ ಬೀದರ್ ಉಪವಿಭಾಗದ ಕಚೇರಿ, ಭಾಲ್ಕಿಯವರಿಗೆ ಬಸವಕಲ್ಯಾಣ ಉಪವಿಭಾಗದ ಕಚೇರಿ. ಕೌನ್ಸೆಲಿಂಗ್ ಶುರುವಾದ ಮೇಲೆ ಓಡಾಡುವ ಬದಲು ಮೊದಲೇ ಮಾಡಿಸಿಟ್ಟುಕೊಳ್ಳಿ.

ಪಿಯುಸಿಗೆ ಮಕ್ಕಳನ್ನು ಉದಗೀರ್, ಲಾತೂರ್ ಅಥವಾ ಹೈದರಾಬಾದಿಗೆ ಕಳಿಸುವವರು ಇದನ್ನೂ ನೋಡಿಕೊಳ್ಳಬೇಕು: ಸರ್ಕಾರಿ ಕೋಟಾ ಸೀಟಿಗೆ ಸಾಮಾನ್ಯ ನಿಯಮದಂತೆ 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿಯನ್ನು ಇಲ್ಲೇ ಪಾಸಾಗಿರಬೇಕು. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಮಾಡಿಸಿಡಿ.

ನೀಟ್ ಇಲ್ಲದೆ ಸೇರಿಸಿಕೊಂಡರೆ ಏನಾಗುತ್ತದೆ?

ಕಳೆದುಕೊಳ್ಳುವುದು ಹಣವಷ್ಟೇ ಅಲ್ಲ. ಬಿಡಿಎಸ್ ಎಂದರೆ 4 ವರ್ಷ ಓದು, 1 ವರ್ಷ ಇಂಟರ್ನ್‌ಶಿಪ್. ನಿಯಮ ಮೀರಿದ ಪ್ರವೇಶ ಊರ್ಜಿತವಾಗದಿದ್ದರೆ ದಂತ ವೈದ್ಯರಾಗಿ ನೋಂದಣಿ ಸಿಗುವುದಿಲ್ಲ. ನೋಂದಣಿ ಇಲ್ಲದೆ ಹಲ್ಲಿಗೆ ಕೈ ಹಾಕುವಂತಿಲ್ಲ. "ಡೊನೇಶನ್" ಹೆಸರಿನ ವಸೂಲಿಯನ್ನಂತೂ ರಾಜ್ಯದ 1984ರ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆಯೇ ತಡೆದಿದೆ.

ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ

• ಸಂದೇಶದಲ್ಲಿ "ನೀಟ್ ಬೇಡ" ಎಂದಿದೆಯೇ? ಹಾಗಿದ್ದರೆ ಅಲ್ಲಿಗೇ ಬಿಡಿ.
• ಹಣ ಕೇಳುತ್ತಿರುವುದು ಯಾರು? ಕೆಇಎ ಶುಲ್ಕ ಕಟ್ಟುವುದು ಅದರ ಪೋರ್ಟಲ್ ಮೂಲಕ, ಯಾರದೋ ಫೋನ್‌ಪೇ ನಂಬರಿಗಲ್ಲ.
• ಕೊಟ್ಟಿರುವ ಲಿಂಕ್ "ಗವ್ ಡಾಟ್ ಇನ್" ಅಥವಾ "ನಿಕ್ ಡಾಟ್ ಇನ್" ಎಂದು ಮುಗಿಯುತ್ತದೆಯೇ? ಇಲ್ಲದಿದ್ದರೆ ಅದನ್ನು ಒತ್ತಬೇಡಿ.

ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ನಾಚಿಕೆಯಿಂದ ಸುಮ್ಮನೆ ಕೂತಷ್ಟೂ ಹಣ ವಾಪಸ್ ಬರುವ ಸಾಧ್ಯತೆ ಕಡಿಮೆಯಾಗುತ್ತದೆ.

ಒಟ್ಟಿನಲ್ಲಿ: ಬಿಡಿಎಸ್‌ಗೆ ಇಂಟರ್‌ವ್ಯೂ ಇಲ್ಲ. ನೀಟ್ ರ‍್ಯಾಂಕ್, ಕೆಇಎ ಅಥವಾ ಎಂಸಿಸಿ ನೋಂದಣಿ, ಸರಿಯಾದ ದಾಖಲೆ, ಇಷ್ಟೇ ಬೇಕಾದದ್ದು. ಫಾರ್ವರ್ಡ್ ಮಾಡಲೇಬೇಕು ಅನ್ನಿಸಿದರೆ ಈ ಮಾಹಿತಿಯನ್ನು ಮಾಡಿ.