ಮಯಸ್ತೀನಿಯಾ ರೋಗವೂ ಮೊಬೈಲಿನ ದಿನಚರಿಯೂ

ಮಯಸ್ತೀನಿಯಾ ಗ್ರೇವಿಸ್ ಎಂಬ ರೋಗದ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರಲಾರರು. ಹತ್ತು ಸಾವಿರ ಜನರಲ್ಲಿ ಒಬ್ಬಿಬ್ಬರಿಗೆ ಮಾತ್ರ ಕಾಣುವ ವಿರಳ ರೋಗವಿದು. ಹೊತ್ತುಹೊತ್ತಿಗೆ ರೂಪ ಬದಲಿಸುವುದು ಇದರ ವಿಶೇಷ. ಈ ರೋಗವುಳ್ಳವರಿಗೆ ಕೈಯಲ್ಲಿರುವ ಮೊಬೈಲು ಹೇಗೆ ನೆರವಾಗಬಲ್ಲುದೆಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ನಾವು ಕೈಯೆತ್ತಬೇಕೆಂದಾಗ ಮಿದುಳಿನ ಅಪ್ಪಣೆ ನರದ ಮೂಲಕ ಸ್ನಾಯುವಿನವರೆಗೆ ಬರುತ್ತದೆ. ಅಲ್ಲಿ ನರದ ತುದಿಯಿಂದ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಹೊರಟು, ಸ್ನಾಯುವಿನ ಮೇಲಿರುವ ಗ್ರಾಹಕಗಳನ್ನು ಮುಟ್ಟಿದಾಗ ಸ್ನಾಯು ಕೆಲಸಮಾಡುತ್ತದೆ. ರೋಗಾಣುಗಳನ್ನು ಎದುರಿಸಬೇಕಾದ ದೇಹದ ರಕ್ಷಣಾ ಶಕ್ತಿಯೇ ದಾರಿತಪ್ಪಿ ಈ ಗ್ರಾಹಕಗಳನ್ನು ಕೆಡಿಸುವುದು ಹೆಚ್ಚಿನ ರೋಗಿಗಳಲ್ಲಿ ಕಂಡುಬರುವ ಕಾರಣ. ವಿಶ್ರಾಂತಿಯ ಬಳಿಕ ಸ್ನಾಯು ಚೆನ್ನಾಗಿಯೇ ನಡೆಯುತ್ತದೆ; ದುಡಿದಂತೆಲ್ಲ ಸೋಲುತ್ತದೆ. ಬೆಳಗ್ಗೆ ನೆಟ್ಟಗಿದ್ದ ಕಣ್ಣಿನ ರೆಪ್ಪೆ ಸಂಜೆಗೆ ಜೋಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ಮೂಗಿನಿಂದ ಬರುತ್ತದೆ, ಚಪಾತಿ ಅಗಿಯುತ್ತಿರುವಾಗಲೇ ದವಡೆ ಸೋಲುತ್ತದೆ.

ಇಂಗ್ಲೆಂಡಿನ ತಾಮಸ್ ವಿಲ್ಲಿಸ್ ಎಂಬ ವೈದ್ಯನು 1672ರಲ್ಲಿಯೇ, ಬಹಳ ಹೊತ್ತು ಮಾತಾಡಿದರೆ ಮಾತೇ ನಿಂತುಹೋಗುತ್ತಿದ್ದ ಹೆಂಗಸೊಬ್ಬಳನ್ನು ಕುರಿತು ಬರೆದಿದ್ದನು. 1934ರಲ್ಲಿ ಮೇರಿ ವಾಕರ್ ಎಂಬ ವೈದ್ಯೆ ಔಷಧದಿಂದ ಬಲ ಮರಳುವುದನ್ನು ತೋರಿಸಿದರು. ಇಂದು ಇದು ಚಿಕಿತ್ಸೆಯಿಂದ ಹತೋಟಿಗೆ ಬರುವ ರೋಗ.

ತೊಡಕು ಇರುವುದು ಬೇರೆ ಕಡೆ. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಪರೇಲಿನ ಕೆ.ಇ.ಎಂ. ಆಸ್ಪತ್ರೆಗೆ ಹೋದರೂ, ಊರಿಗೆ ಹೋದಾಗ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರೂ, ವೈದ್ಯರು ರೋಗಿಯನ್ನು ನೋಡುವುದು ಕೆಲವೇ ನಿಮಿಷ. ಬೆಂಚಿನ ಮೇಲೆ ಕುಳಿತು ದಣಿವಾರಿಸಿಕೊಂಡ ರೋಗಿಯ ರೆಪ್ಪೆ ಆಗ ಮೇಲೆಯೇ ಇರಬಹುದು. ಇದು ವೈದ್ಯರ ತಪ್ಪಲ್ಲ. ಸಂಜೆ ಏಳು ಗಂಟೆಯ ಮುಖವನ್ನು ಅವರು ಬೆಳಗ್ಗೆ ಹನ್ನೊಂದಕ್ಕೆ ಕಾಣುವುದೆಂತು? ಮನೆಯಲ್ಲಿಯೂ ಇದೇ ಪಾಡು. ಬೆಳಗ್ಗೆ ನೀರು ತುಂಬಿದ ಸೊಸೆ ರಾತ್ರಿ ಪಾತ್ರೆ ಎತ್ತಲಾರೆನೆಂದರೆ ಸೋಮಾರಿತನವೆಂದು ಹೇಳುವವರೇ ಹೆಚ್ಚು.

ಇಲ್ಲಿ ಮೊಬೈಲು ಸಾಕ್ಷಿಯಾಗಬಲ್ಲುದು. ಅದರ ಚಿತ್ರಕ್ಕೂ ಧ್ವನಿಮುದ್ರಣಕ್ಕೂ ತಾರೀಖು, ಗಂಟೆ ತಾವಾಗಿಯೇ ದಾಖಲಾಗುತ್ತವೆ. ಒಂದೇ ಸ್ಥಳದಲ್ಲಿ, ಒಂದೇ ಬೆಳಕಿನಲ್ಲಿ, ಬೆಳಗ್ಗೆ ಒಂದು ಮತ್ತು ಸಂಜೆ ಒಂದು ಮುಖದ ಚಿತ್ರ ತೆಗೆದುಕೊಳ್ಳಬೇಕು. ಒಂದೇ ಪುಟವನ್ನು ಗಟ್ಟಿಯಾಗಿ ಓದಿ ಮುದ್ರಿಸಿಕೊಂಡರೆ ದನಿ ಎಲ್ಲಿ ಕುಗ್ಗಿತೆಂಬುದು ತಿಳಿಯುತ್ತದೆ. ದೀರ್ಘವಾಗಿ ಉಸಿರೆಳೆದು, ಸೆಕೆಂಡಿಗೆ ಎರಡರಂತೆ ಒಂದೇ ಉಸಿರಿನಲ್ಲಿ ಎಣಿಸಬೇಕು. ಆರೋಗ್ಯವಂತರು ಸುಮಾರು 50ರವರೆಗೆ ಎಣಿಸಬಲ್ಲರು. ರೋಗಿಯು ಗಮನಿಸಬೇಕಾದದ್ದು ತನ್ನ ನಿತ್ಯದ ಸಂಖ್ಯೆಗಿಂತ ಎಷ್ಟು ಇಳಿಯಿತೆಂಬುದನ್ನು.

1999ರಲ್ಲಿ ಪ್ರಕಟವಾದ ಎಂಟು ಪ್ರಶ್ನೆಗಳ ಒಂದು ಅಳತೆಗೋಲೂ ಬಳಕೆಯಲ್ಲಿದೆ. ಮಾತು, ಅಗಿಯುವುದು, ನುಂಗುವುದು, ಉಸಿರಾಟ, ಹಲ್ಲುಜ್ಜಿ ತಲೆ ಬಾಚುವುದು, ಕುರ್ಚಿಯಿಂದೇಳುವುದು, ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು—ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 24. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ವಾರಕ್ಕೊಮ್ಮೆ ಬರೆದಿಟ್ಟರೆ ಏರಿಳಿತ ಕಣ್ಣಿಗೆ ಕಟ್ಟುತ್ತದೆ. ಪಿರಿಡೋಸ್ಟಿಗ್ಮಿನ್ ಮಾತ್ರೆಯ ಪ್ರಭಾವ ಸುಮಾರು ಮೂರು-ನಾಲ್ಕು ಗಂಟೆ ಮಾತ್ರ ಇರುವುದರಿಂದ ಅದನ್ನು ಸೇವಿಸಿದ ವೇಳೆಯನ್ನೂ ಗುರುತಿಸಬೇಕು. ಜ್ವರ, ಬಿಸಿಲು, ನಿದ್ದೆಗೇಡು ಇವೂ ರೋಗವನ್ನು ಕೆರಳಿಸುವುದರಿಂದ ಅವುಗಳನ್ನೂ ಸೇರಿಸುವುದು ಒಳ್ಳೆಯದು.

ಈ ರೀತಿ ಹೊಸದೇನಲ್ಲ. 2015ರಲ್ಲಿ ಅಮೆರಿಕದಲ್ಲಿ ಪಾರ್ಕಿನ್ಸನ್ ರೋಗದ ಅಧ್ಯಯನಕ್ಕಾಗಿ ಎಂಪವರ್ ಎಂಬ ಆ್ಯಪ್ ಹೊರಟಿತು. ಬೆರಳ ಚುರುಕು, ನಡಿಗೆ, ದನಿಗಳನ್ನು ಜನ ಮನೆಯಲ್ಲಿಯೇ ಅಳೆದುಕೊಂಡರು. ಮಯಸ್ತೀನಿಯಾ ರೋಗಿಗಳು ತಮ್ಮ ಸ್ಥಿತಿಯನ್ನು ಫೋನಿನಲ್ಲಿ ದಾಖಲಿಸುವ ಅಧ್ಯಯನವೂ ಆಮೇಲೆ ಹಲವು ದೇಶಗಳಲ್ಲಿ ನಡೆಯಿತು. ಆದರೆ ನಮಗೆ ವಿಶೇಷ ಆ್ಯಪ್ ಬೇಕೆಂದಿಲ್ಲ; ಕ್ಯಾಮೆರಾ, ಧ್ವನಿಮುದ್ರಣ, ಟಿಪ್ಪಣಿ, ಅಲಾರಂ ಇಷ್ಟೇ ಸಾಕು. ಅಪರಿಚಿತ ಆ್ಯಪ್‌ಗೆ ರೋಗದ ವಿವರ ಒಪ್ಪಿಸುವ ಮುನ್ನ ಅದು ಎಲ್ಲಿಗೆ ಹೋಗುವುದೆಂದು ವಿಚಾರಿಸಬೇಕು.

ಕೆಲವು ಎಚ್ಚರಿಕೆಗಳನ್ನು ಹೇಳದೆ ಮುಗಿಸಲಾಗದು. ಮೊಬೈಲು ರೋಗನಿರ್ಣಯ ಮಾಡಲಾರದು; ಅದಕ್ಕೆ ರಕ್ತಪರೀಕ್ಷೆ, ನರಸ್ನಾಯುಗಳ ವಿದ್ಯುತ್ ಪರೀಕ್ಷೆ ಬೇಕು. ಟಿಪ್ಪಣಿ ನೋಡಿ ತಾವೇ ಮಾತ್ರೆ ಏರಿಸಬಾರದು. ಪಿರಿಡೋಸ್ಟಿಗ್ಮಿನ್ ಅತಿಯಾದರೂ ಬಲ ಕುಂದುತ್ತದೆ. ಜೆಂಟಾಮೈಸಿನ್, ಸಿಪ್ರೋಫ್ಲಾಕ್ಸಾಸಿನ್‌ನಂಥ ಕೆಲವು ಔಷಧಗಳು ಈ ರೋಗವನ್ನು ಉಲ್ಬಣಿಸಬಲ್ಲವು. ಆದುದರಿಂದ ರೋಗದ ಹೆಸರು ಮತ್ತು ಔಷಧ ಚೀಟಿಯ ಚಿತ್ರವನ್ನು ಮೊಬೈಲಿನಲ್ಲಿಟ್ಟು, ಶೀತಜ್ವರಕ್ಕೆ ಹೋದಾಗಲೂ ವೈದ್ಯರಿಗೆ ತೋರಿಸಬೇಕು.

ನುಂಗಲಾಗದಿದ್ದರೆ, ಮಲಗಿದರೆ ಉಸಿರು ಸಿಕ್ಕುತ್ತಿದ್ದರೆ, ಒಂದು ಉಸಿರಿನ ಎಣಿಕೆ ಬೇಗಬೇಗ ಇಳಿಯುತ್ತಿದ್ದರೆ, ಚಿತ್ರ ತೆಗೆಯುತ್ತ ಕೂರುವ ಹೊತ್ತಲ್ಲ ಅದು. ಮೊಬೈಲಿನಿಂದ 108ಕ್ಕೆ ಕರೆಮಾಡಿ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಉಸಿರಾಟದ ಸ್ನಾಯು ಸೋತರೆ ಯಂತ್ರದ ನೆರವಿಲ್ಲದೆ ಪ್ರಾಣ ಉಳಿಯದು. ನೆರವು ಸಕಾಲದಲ್ಲಿ ದೊರೆತರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ನೆರೆಹೊರೆಯಲ್ಲಿ ಯಾರಿಗಾದರೂ ಸಂಜೆಯಾಗುತ್ತಲೇ ರೆಪ್ಪೆ ಬೀಳುವುದನ್ನೋ ಮಾತು ತೊದಲುವುದನ್ನೋ ಕಂಡರೆ, ಆಲಸ್ಯವೆಂದು ತೀರ್ಮಾನಿಸುವ ಮೊದಲು ಅವರ ಒಪ್ಪಿಗೆ ಪಡೆದು ಒಂದು ಚಿತ್ರ ತೆಗೆದುಕೊಡಿರಿ, ನರರೋಗ ತಜ್ಞರಲ್ಲಿಗೆ ಹೋಗಲು ಹೇಳಿರಿ. ಮಾತು ಒಮ್ಮೆಲೇ ತೊದಲಿದರೆ, ಮುಖ ಸೊಟ್ಟಗಾದರೆ ಅದು ಲಕ್ವ ಇರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.