ಮಿದುಳಿಲ್ಲದ ಮೈಯಲ್ಲಿ ನಮ್ಮ ಕಿವಿಯ ಜೀನ್!

ತಲೆಯಿಲ್ಲ, ಮಿದುಳಿಲ್ಲ, ಬೆನ್ನುಹುರಿಯ ಸುಳಿವೇ ಇಲ್ಲ. ಆದರೂ ಸಣ್ಣದೊಂದು ಜಲಜೀವಿ ಮೈಗೆ ತಾಗಿದ್ದೇ ತಡ, ಕುಟುಕಿ, ಹಿಡಿದು, ಬಾಯಿಗೆ ಎಳೆದುಕೊಳ್ಳುತ್ತದೆ! ಇದು ನೆಮಟೋಸ್ಟೆಲ್ಲಾ ವೆಕ್ಟೆನ್ಸಿಸ್. ಅಳಿವೆಯ ಕೆಸರಿನಲ್ಲಿ ಹೂತು ಕೂತು ಗ್ರಹಣಾಂಗಗಳನ್ನಷ್ಟೇ ಹೊರಚಾಚುವ, ಗಾಜಿನಂತೆ ಪಾರದರ್ಶಕವಾದ ಪುಟ್ಟ ಸೀ ಅನಿಮೋನ್. ಮೈತುಂಬ ನರಗಳ ಜಾಲ. ಯಜಮಾನನೇ ಇಲ್ಲದ ಈ ಜಾಲದಲ್ಲಿ ಯಾವ ಜೀವಕೋಶ ಏನಾಗಬೇಕೆಂದು ತೀರ್ಮಾನಿಸುವವರು ಯಾರು?

ಜೀನ್‌ಗಳು! ನಾರ್ವೆಯ ಬರ್ಗೆನ್‌ನಲ್ಲಿರುವ ಸಾರ್ಸ್ ಕೇಂದ್ರದ ವಿಜ್ಞಾನಿಗಳು ಸಾಕ್ಸ್‌ಬಿ2 ಎಂಬ ಜೀನ್ ಚಾಲೂ ಆದ ಕೋಶಗಳು ಬೆಳಗುವಂತೆ ಮಾಡಿ, ಅವುಗಳ ಪೀಳಿಗೆಯ ಜಾಡು ಹಿಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಸಂವೇದನಾ ಕೋಶ, ಸಂದೇಶ ಸಾಗಿಸುವ ನರಕೋಶ, ಬೇಟೆಯನ್ನು ಚುಚ್ಚುವ ಕುಟುಕುಕೋಶ, ಮೂರೂ ಒಂದೇ ಬಗೆಯ ಮೂಲಕೋಶಗಳ ಸಂತಾನ! ನರವೂ ಆಯುಧವೂ ದಾಯಾದಿಗಳು. ಹಾಗಾದರೆ ಅವು ಬೇರಾಗುವುದೆಲ್ಲಿ? 2022ರಲ್ಲಿ ವಿಜ್ಞಾನಿ ಲೆಸ್ಲಿ ಬಾಬೊನಿಸ್ ಮತ್ತು ಸಂಗಡಿಗರು ಝಡ್‌ಎನ್‌ಎಫ್845 ಎಂಬ ಒಂದೇ ಒಂದು ಜೀನನ್ನು ಸುಮ್ಮನಾಗಿಸಿದರು. ಕುಟುಕುಕೋಶವಾಗಬೇಕಿದ್ದದ್ದು ನರಕೋಶದ ಹಾದಿ ಹಿಡಿಯಿತು!

ಬೆರಗು ಇಲ್ಲಿಗೇ ಮುಗಿಯಲಿಲ್ಲ. ಗ್ರಹಣಾಂಗದ ಮೇಲೆ ಸ್ಪರ್ಶವನ್ನು ಗ್ರಹಿಸುವ ಕೂದಲುಕೋಶಗಳಿವೆ. ಒಂದೊಂದರ ತುದಿಯಲ್ಲೂ ನಸುರೋಮಗಳ ಗೊಂಚಲು. ಅಮೆರಿಕದ ಅರ್ಕನ್ಸಾಸ್‌ನಲ್ಲಿ ನಾಗಾಯಸು ನಾಕಾನಿಶಿ ತಂಡ ಜೀನ್ ತಿದ್ದುವ ಕ್ರಿಸ್ಪರ್ ತಂತ್ರದಿಂದ ಪಿಒಯು4 ಜೀನನ್ನು ಕೆಡಿಸಿತು. ಸಾಮಾನ್ಯ ಅನಿಮೋನ್ ತಟ್ಟಿದೊಡನೆ ಗ್ರಹಣಾಂಗವನ್ನು ಮುದುಡಿಕೊಳ್ಳುತ್ತದೆ. ಜೀನ್ ಕೆಟ್ಟ ಅನಿಮೋನ್ ಮಿಸುಕಲೂ ಇಲ್ಲ. ಸ್ನಾಯುವೇನಾದರೂ ಕೆಟ್ಟಿದೆಯೇ? ಇಲ್ಲ, ಪ್ಲವಕಜೀವಿಗಳ ಸಾರವನ್ನು ನೀರಿಗೆ ಬೆರೆಸಿದರೆ ಅದೇ ಗ್ರಹಣಾಂಗ ಮುದುಡುತ್ತದೆ! ಕೆಟ್ಟದ್ದು ಸ್ಪರ್ಶ ಮಾತ್ರ. ಕೂದಲುಕೋಶಗಳು ಹುಟ್ಟಿದ್ದವು, ಆದರೆ ಬಲಿತಿರಲಿಲ್ಲ. ಪಟ್ಟ ಕಟ್ಟಿ ಅಧಿಕಾರ ಕೊಡದೆ ಬಿಟ್ಟ ಹಾಗೆ.

ಈಗ ನಿಮ್ಮ ಕಿವಿ ಮುಟ್ಟಿ ನೋಡಿಕೊಳ್ಳಿ. ಒಳಗಿವಿಯಲ್ಲಿ ಸದ್ದಿಗೆ ತೊನೆಯುವುದೂ ಕೂದಲುಕೋಶಗಳೇ. ಪಿಒಯು4 ಕುಟುಂಬದ್ದೇ ಆದ ಪಿಒಯು4ಎಫ್3 ಜೀನ್ ಇಲ್ಲದ ಇಲಿಯಲ್ಲಿ ಅವು ಹುಟ್ಟಿಯೂ ಬಲಿಯುವುದಿಲ್ಲ, ಇಲಿ ಕಿವುಡಾಗುತ್ತದೆ. ಮನುಷ್ಯರಲ್ಲಿ ಆ ಜೀನ್‌ನ ದೋಷ ವಂಶಪಾರಂಪರ್ಯವಾಗಿ ಬರುವ ಒಂದು ಬಗೆಯ ಕಿವುಡಿಗೆ ಕಾರಣ. ನಮ್ಮ ವಂಶವೂ ಅನಿಮೋನ್ ವಂಶವೂ ಕವಲೊಡೆದು 50 ಕೋಟಿ ವರ್ಷಗಳಿಗೂ ಮಿಕ್ಕಿ ಕಾಲವಾಗಿದೆ. ಅಂದರೆ ಮಿದುಳು ಎಂಬುದು ಹುಟ್ಟುವ ಮೊದಲೇ ಅದರ ಕೆಲಸಗಾರರ ತರಬೇತಿ ಶುರುವಾಗಿತ್ತು, ಅದೂ ಇದೇ ಜೀನ್‌ಗಳ ಕೈಯಲ್ಲಿ!